ಹೆಡ್‌ಫೋನಿನ ಬಲಗಡೆ

ಅಂಗಡಿ ತಲುಪುವವರೆಗೆ ಭಾವ ಬಾಯಿ ಬಿಟ್ಟದ್ದು ಎರಡೇ ಸಲ. ಒಮ್ಮೆ, ಕಾರಿನ ಬಾಗಿಲು ಸರಿಯಾಗಿ ಹಾಕು ಎಂದು. ಇನ್ನೊಮ್ಮೆ, ಬರುವ ಶನಿವಾರದ ಕಾರ್ಯಕ್ರಮವೇ ಅವಳ ಪಾಲಿನ ಕೊನೆಯದು ಎಂದು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದ. ಅವಳು ಮೊದಲನೆಯದಕ್ಕೆ ಬಾಗಿಲು ತೆಗೆದು ಮತ್ತೆ ಹಾಕಿದಳು. ಎರಡನೆಯದಕ್ಕೆ ಏನೂ ಮಾಡಲಿಲ್ಲ.

ಎಂಟು ವರ್ಷದಿಂದ ಭಾವ ಮುಂದೆ, ನಾದಿನಿ ಹಿಂದೆ. ಅವನು ಡಿಜೆ ಕಂಟ್ರೋಲರಿನ ಎರಡು ಚಕ್ರಗಳ ಮೇಲೆ ಕೈಯಿಟ್ಟು ನಿಂತರೆ ಸಭಾಂಗಣವೆಲ್ಲ ‘ಮಾಸ್ಟರ್, ಮಾಸ್ಟರ್’ ಎಂದು ಕೂಗುತ್ತಿತ್ತು. ಅವನು ನುಡಿಸುವ ಹಾಡುಗಳನ್ನೆಲ್ಲ ಮೊದಲೇ ಕೂತು ಕೇಳಿ, ತಾಳ ಎಲ್ಲಿ ಶುರು, ದನಿ ಎಲ್ಲಿ ಏರುತ್ತದೆ, ಎಲ್ಲಿಂದ ಇನ್ನೊಂದು ಹಾಡಿಗೆ ದಾಟಬಹುದು ಎಂದು ಸಾಫ್ಟ್‌ವೇರಿನಲ್ಲಿ ಬಣ್ಣದ ಗುರುತು ಇಡುತ್ತಿದ್ದವಳು ಅವಳು. ನಾಲ್ಕು ಸಾವಿರಕ್ಕೂ ಮೇಲೆ ಹಾಡು, ಎಲ್ಲವೂ ಅಂಗೈಯಷ್ಟು ದೊಡ್ಡ ಡಿಸ್ಕಿನಲ್ಲಿ. ಡಿಸ್ಕ್ ಅವಳದೇ. ಭಾವ ಅವಳನ್ನು ‘ಕಂಪ್ಯೂಟರ್’ ಎನ್ನುತ್ತಿದ್ದ. ಮೊದಮೊದಲು ಅದರಲ್ಲಿ ಸಲುಗೆ ಇತ್ತು.

ಕಳೆದ ಎರಡು ತಿಂಗಳಲ್ಲಿ ಮೂರು ಸಲ, ಶನಿವಾರದ ಕಾರ್ಯಕ್ರಮ ನಡೆಯುವ ಹೋಟೆಲಿನ ಸಭಾಂಗಣದಲ್ಲಿ, ಎರಡು ಹಾಡು ಒಂದರ ಕಾಲು ಒಂದು ತುಳಿದುಕೊಂಡಿದ್ದವು. ಹೆಜ್ಜೆ ತಪ್ಪಿದ ಎರಡು ಕುದುರೆ ಒಂದೇ ಗಾಡಿ ಎಳೆದ ಹಾಗೆ. ಕುಣಿಯುತ್ತಿದ್ದವರು ನಿಂತರು, ಮ್ಯಾನೇಜರ್ ವೇದಿಕೆಯ ಹತ್ತಿರ ಬಂದು ನಿಂತ. ಮೂರು ಸಲವೂ ಭಾವ ಎಲ್ಲರೆದುರು ಅವಳ ಕಡೆ ಬೆರಳು ತೋರಿಸಿದ: ಗುರುತು ತಪ್ಪಿಟ್ಟಿದ್ದಾಳೆ. ಅವಳು ಮನೆಗೆ ಹೋಗಿ ಒಂದೊಂದನ್ನೂ ತೆಗೆದು ನೋಡಿದಳು. ಕೂದಲೆಳೆಯಷ್ಟೂ ಸರಿದಿರಲಿಲ್ಲ. ಹಾಗೆಂದು ಹೇಳಿದ್ದಕ್ಕೆ ಭಾವ, ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕಿದ್ದ. ಅಕ್ಕ ಫೋನ್ ಮಾಡಿ, ಬಿಟ್ಟುಬಿಡೇ, ಅವರ ಹತ್ತಿರ ವಾದ ಬೇಡ ಎಂದಿದ್ದಳು. ಅಂದಿನಿಂದ ಭಾವ ನಾದಿನಿಯರದು ಎಣ್ಣೆ ಸೀಗೇಕಾಯಿ.

ಮ್ಯಾನೇಜರ್ ಕಡೆಯ ಮಾತು ಹೇಳಿಯಾಗಿತ್ತು: ಇನ್ನೊಮ್ಮೆ ಹೀಗಾದರೆ ಶನಿವಾರಗಳು ಬೇರೆಯವರಿಗೆ. ಹಾಗಾಗಿ ಭಾವ ಕಂಟ್ರೋಲರ್, ಸಾಫ್ಟ್‌ವೇರ್, ಹೆಡ್‌ಫೋನ್ ಮೂರನ್ನೂ ಬದಲಿಸಲು ಹೊರಟಿದ್ದ. ಹೊಸ ಸಾಫ್ಟ್‌ವೇರ್ ತಾಳವನ್ನು ತಾನೇ ಹುಡುಕಿ ತಾನೇ ಗುರುತಿಡುತ್ತದಂತೆ. ಅವಳನ್ನು ಇವತ್ತು ಕರೆತಂದದ್ದು ಹಾಡುಗಳನ್ನು ಅದಕ್ಕೆ ದಾಟಿಸಿಕೊಡಲು ಮಾತ್ರ.

ಹೋಗಬೇಕೆಂದರೆ ಅವಳು ಹೋಗುತ್ತಿದ್ದಳು. ಆದರೆ ತಪ್ಪು ತನ್ನದಲ್ಲ ಎಂಬ ಒಂದು ಮಾತು ಅವನ ಬಾಯಿಂದ ಬರಬೇಕಿತ್ತು. ಮಾಸ್ಟರ್ ಕೈಬಿಟ್ಟ ಹುಡುಗಿ, ತಾಳ ಗೊತ್ತಿಲ್ಲದವಳು ಎಂಬ ಹೆಸರು ಹೊತ್ತು ಹೋದರೆ ಈ ಊರಿನ ಯಾವ ಡಿಜೆಯೂ ಅವಳ ಕೈಗೆ ಹಾಡು ಕೊಡುವುದಿಲ್ಲ.

ಅಂಗಡಿಯ ಒಳಕೋಣೆಯ ಗೋಡೆಗಳಿಗೆ ಬೂದು ಸ್ಪಂಜು ಮೆತ್ತಿದ್ದರು. ಬಾಗಿಲು ಹಾಕಿಕೊಂಡರೆ ಬೀದಿಯ ಸದ್ದು ಕತ್ತರಿಸಿದಂತೆ ನಿಲ್ಲುತ್ತಿತ್ತು. ಉದ್ದನೆಯ ಮೇಜಿನ ಮೇಲೆ ಮೂರು ಕಂಟ್ರೋಲರ್, ಬಲತುದಿಯಲ್ಲಿ ಒಂದು ಸ್ಪೀಕರ್, ನಡುವೆ ಅಂಗಡಿಯ ಲ್ಯಾಪ್‌ಟಾಪ್. ಅವಳು ಡಿಸ್ಕನ್ನು ಅದಕ್ಕೆ ಸಿಕ್ಕಿಸಿದಳು. ಕೊಳ್ಳುವುದು ನಿಕ್ಕಿಯಾದ ಮೇಲೆ ನಕಲು ಮಾಡಿಕೊಳ್ಳೋಣ, ಸದ್ಯ ಹೀಗೇ ನುಡಿಸಿ ನೋಡಿ ಎಂದ ಅಂಗಡಿಯವ.

ಮೊದಲನೆಯ ಕಂಟ್ರೋಲರಿನ ಚಕ್ರ ಚಿಕ್ಕದು. ಮಕ್ಕಳ ಆಟಿಕೆ ಎಂದು ಭಾವ ಅದನ್ನು ಬೆರಳ ತುದಿಯಿಂದ ಪಕ್ಕಕ್ಕೆ ನೂಕಿದ. ಎರಡನೆಯದರ ಗುಂಡಿಗಳು ಮೆತ್ತಗಿದ್ದವು. ಮೂರನೆಯದು ಒಮ್ಮೆಗೆ ನಾಲ್ಕು ಹಾಡು ನುಡಿಸಬಲ್ಲ, ನಾಲ್ಕು ಚಾನೆಲ್ಲಿನ ದೊಡ್ಡದು. ಇದು ಸರಿ ಎಂದ.

“ತಗೊಳ್ಳಿ ಸಾರ್,” ಅಂಗಡಿಯವ ಹೇಳಿದ. “ಆದ್ರೆ ನಾಲ್ಕು ಚಾನೆಲ್ ತಗೊಂಡವರು ಎರಡೇ ಬಳಸೋದು. ಉಳಿದೆರಡರ ಮೇಲೆ ಟೀ ಲೋಟ ಇಡ್ತಾರೆ.”

ಅವಳಿಗೆ ನಗು ಬಂತು. ಭಾವ ಅವಳ ಕಡೆ ನೋಡಿದ. ನಗು ಅಲ್ಲೇ ಇಂಗಿತು.

ಸಾಫ್ಟ್‌ವೇರ್ ಎರಡು ಹಾಡಿಗೆ ತಾನೇ ಗುರುತಿಟ್ಟುಕೊಂಡಿತು. ಎರಡೂ ಹಾಡಿನ ವೇಗವನ್ನು ಒಂದಾಗಿಸುವ ಗುಂಡಿಯೂ ಇದೆ ಎಂದು ಅಂಗಡಿಯವ ತೋರಿಸಲು ಹೋದಾಗ, ಅದನ್ನು ಒತ್ತುವವನು ಡಿಜೆ ಅಲ್ಲ ಎಂದು ಭಾವ ಅವನ ಕೈ ಸರಿಸಿದ. ಎಂದಿನಂತೆ ಹೆಡ್‌ಫೋನನ್ನು ಎಡಗಿವಿಗೆ ಮಾತ್ರ ಒತ್ತಿಕೊಂಡ. ಎಡಗಿವಿಗೆ ಮುಂದೆ ಬರಬೇಕಾದ ಹಾಡು. ತೆರೆದಿಟ್ಟ ಬಲಗಿವಿಗೆ ಸ್ಪೀಕರಿನಲ್ಲಿ ನುಡಿಯುತ್ತಿರುವ ಹಾಡು. ಎರಡನ್ನೂ ಕೇಳಿಕೊಂಡು ಚಕ್ರವನ್ನು ಸವರುತ್ತ ಜೋಡಿಸುವುದು, ಅದೇ ಈ ಕಸುಬು. ಸ್ಪೀಕರ್ ಸ್ವಲ್ಪ ಜೋರು ಮಾಡಿ ಎಂದ. ಮತ್ತೊಮ್ಮೆ ಎಂದ. ಮೂರನೆಯ ಸಲಕ್ಕೆ ಅಂಗಡಿಯವ ಮುಖ ಕಿವಿಚಿದ.

ಭಾವ ಎರಡನೆಯ ಹಾಡನ್ನೂ ಸ್ಪೀಕರಿಗೆ ಬಿಟ್ಟ. ಅದೇ ಕುದುರೆಗಳು, ಅದೇ ಗಾಡಿ.

ಈ ಸಲ ಗುರುತಿಟ್ಟವಳು ಅವಳಲ್ಲ. ಅವಳು ಕೈಕಟ್ಟಿ ನಿಂತು ಕಾದಳು. ಭಾವ ಅವಳತ್ತ ತಿರುಗಲಿಲ್ಲ. ಹೆಡ್‌ಫೋನನ್ನು ಮೇಜಿನ ಮೇಲೆ ಕುಕ್ಕಿ, ಇದು ಸರಿಯಿಲ್ಲ, ಬೇರೆ ತೋರಿಸಿ ಎಂದ.

ಅಂಗಡಿಯವ ಇನ್ನೊಂದು ಹೆಡ್‌ಫೋನ್ ತಂದ. ಈ ಕಂಟ್ರೋಲರಿನಲ್ಲಿ ಒಂದು ಅನುಕೂಲ ಇದೆ, ಗುಂಡಿ ಒತ್ತಿದರೆ ಎರಡು ಹಾಡೂ ಹೆಡ್‌ಫೋನಿಗೇ ಬರುತ್ತವೆ, ಎಡಕ್ಕೆ ಒಂದು, ಬಲಕ್ಕೆ ಒಂದು, ಸ್ಪೀಕರಿನ ಹಂಗೇ ಬೇಡ ಎಂದು ಅದರ ದನಿ ತಗ್ಗಿಸಿದ. ಭಾವ ಎರಡೂ ಕಿವಿಗೆ ಹಾಕಿಕೊಂಡ. ಒಂದು ಕ್ಷಣ ಬಿಟ್ಟು, ಬಲಗಡೆ ಬರುತ್ತಿಲ್ಲ ಎಂದ. ಅಂಗಡಿಯವ ಹಾಕಿಕೊಂಡು ನೋಡಿದ, ಬರುತ್ತಿತ್ತು. ಮೂರನೆಯದನ್ನು ತಂದ. ಅದರಲ್ಲೂ ಬಲಗಡೆ ಬರುತ್ತಿಲ್ಲ ಎಂದ ಭಾವ. ಇಂಥ ಕಸ ಮಾರುವ ಬದಲು ಬಾಗಿಲು ಹಾಕಿಕೊಂಡು ಹೋಗಿ ಎಂದೂ ಹೇಳಿದ. ಅಂಗಡಿಯವ ತುಟಿ ಬಿಗಿದುಕೊಂಡು ನಾಲ್ಕನೆಯದನ್ನು ತರಲು ಉಗ್ರಾಣಕ್ಕೆ ಹೋದ.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವಳು ಆ ಮೂರನೆಯ ಹೆಡ್‌ಫೋನನ್ನು ಎತ್ತಿಕೊಂಡು, ತಾನೇ ಹಾಕಿ ನೋಡಿದಳು. ಎರಡೂ ಕಡೆ ಹಾಡು ಸ್ಪಷ್ಟವಾಗಿತ್ತು. ಆಮೇಲೆ ಅದನ್ನು ಹಿಂದುಮುಂದಾಗಿ ತಿರುಗಿಸಿ ಭಾವನ ತಲೆಗೆ ಹಾಕಿದಳು. ಅವನು ತಡೆಯುವುದರೊಳಗೆ ಹಾಕಿಯಾಗಿತ್ತು.

“ಈಗ ಯಾವ ಕಡೆ ಬರ್ತಿಲ್ಲ, ಭಾವ?”

“ಬಲಗಡೆ. ಎಷ್ಟು ಸಲ ಹೇಳ್ಲಿ ನಿಂಗೆ?”

“ತಿರುಗಿಸಿ ಹಾಕಿದೀನಿ. ಆಗ ಬಲಗಡೆ ಇದ್ದದ್ದು ಈಗ ಎಡಗಡೆ ಇದೆ.”

ಭಾವ ಹೆಡ್‌ಫೋನ್ ತೆಗೆಯಲಿಲ್ಲ. ಕಿವುಡನ ಮುಂದೆ ಕಿನ್ನರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಂಟು ವಾರ ನುಂಗಿದ ಮಾತುಗಳೆಲ್ಲ ಅದರ ಹಿಂದೆ ಸಾಲುಗಟ್ಟಿ ನಿಂತಿದ್ದವು. ಅವಳು ಬಾಯಿ ತೆರೆಯುವ ಮೊದಲೇ ಭಾವ ಕೇಳಿದ:

“ನಿಮ್ಮಕ್ಕ ಹೇಳಿದ್ಲಾ?”

ಅಕ್ಕ ಹೇಳಿರಲಿಲ್ಲ. ಅಕ್ಕನಿಗೆ ಗೊತ್ತಿದೆ ಎಂಬುದೇ ಅವಳಿಗೆ ಈಗ ಗೊತ್ತಾದದ್ದು. ಊಟದ ಮೇಜಿನಲ್ಲಿ ಅಕ್ಕ ಇದ್ದಕ್ಕಿದ್ದಂತೆ ಕುರ್ಚಿ ಬದಲಿಸಿ ಗಂಡನ ಎಡಕ್ಕೆ ಕೂರತೊಡಗಿದ್ದು. ರಸ್ತೆಯಲ್ಲಿ ನಡೆಯುವಾಗ ಸುತ್ತು ಹಾಕಿ ಎಡಕ್ಕೇ ಬರುತ್ತಿದ್ದದ್ದು. ಬಿಟ್ಟುಬಿಡೇ ಎಂದದ್ದು.

“ಅಕ್ಕಂಗೆ ಯಾವಾಗಿಂದ ಗೊತ್ತು?”

“ಡಾಕ್ಟರ್ ಹತ್ರ ಕರ್ಕೊಂಡು ಹೋದವಳೇ ಅವಳು.” ಭಾವ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿದ. “ಅರ್ಧ ಹೋಗಿದೆ ಅಂದಿದ್ರು. ಇಷ್ಟು ಅಂತ ಹೇಳಿರ್ಲಿಲ್ಲ.”

ಆ ಕಡೆಯ ಮಾತನ್ನು ಅವನು ಅವಳಿಗೆ ಹೇಳಿದಂತಿರಲಿಲ್ಲ. ಬೇರೆ ದಿನವಾಗಿದ್ದರೆ ಅವಳಿಗೆ ಅಯ್ಯೋ ಅನ್ನಿಸುತ್ತಿತ್ತು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ತಿಳಿದೂ ತಿಳಿದೂ ತನ್ನನ್ನು ಮೂರು ಸಲ ವೇದಿಕೆಯ ಬೆಳಕಿನ ಕೆಳಗೆ ನಿಲ್ಲಿಸಿದರಲ್ಲ ಎಂಬುದೊಂದೇ ಈಗ ಅವಳ ಮನಸ್ಸಿನಲ್ಲಿತ್ತು.

“ಮ್ಯಾನೇಜರಿಗೆ ಫೋನ್ ಮಾಡಿ,” ಎಂದಳು. “ತಪ್ಪು ನಂದಲ್ಲ ಅಂತ ಒಂದು ಮಾತು ಹೇಳಿ. ಕಿವಿ ವಿಷಯ ಬೇಡ. ಹಳೇ ಮೆಷಿನ್ ಮೇಲೆ ಹಾಕಿ ಬೇಕಾದ್ರೆ. ಶನಿವಾರ ಸ್ಪೀಕರ್ ಎಡಕ್ಕೆ ಇಡಿಸಿ ನಾನೇ ಪಕ್ಕದಲ್ಲಿ ನಿಲ್ತೀನಿ.”

ಭಾವ ಯೋಚಿಸಿದ. ನಿಜವಾಗಿಯೂ ಯೋಚಿಸುತ್ತಿದ್ದಾನೆ ಎಂದು ಅವಳಿಗೆ ಕಂಡಿತು, ಅದಕ್ಕೇ ಮುಂದಿನ ಮಾತು ಹೆಚ್ಚು ಆಳಕ್ಕೆ ಇಳಿಯಿತು.

“ಮೆಷಿನ್ ಆರಿಸಿದ್ದೂ ನಾನೇ. ಜನ ನನ್ನನ್ನೇ ಆಡ್ಕೋತಾರೆ. ನಿಂದೇನಿದೆ? ನಿನ್ನ ಹೆಸರು ಅಲ್ಲಿ ಯಾರಿಗೆ ಗೊತ್ತು?”

ಅವಳು ಲ್ಯಾಪ್‌ಟಾಪಿನ ಹತ್ತಿರ ಹೋಗಿ ಡಿಸ್ಕನ್ನು ಕಿತ್ತಳು. ಪರದೆಯ ಮೇಲಿದ್ದ ಹಾಡಿನ ಹೆಸರುಗಳೆಲ್ಲ ಸಿಗುತ್ತಿಲ್ಲವೆಂದು ಮೇಲಿಂದ ಕೆಳಗೆ ಒಂದೊಂದಾಗಿ ಕೆಂಪಾದವು. ನುಡಿಯುತ್ತಿದ್ದ ಹಾಡು ಮಾತ್ರ ಆಗಲೇ ಪೂರ್ತಿ ಲ್ಯಾಪ್‌ಟಾಪಿನೊಳಗೆ ಬಂದುಬಿಟ್ಟಿತ್ತು, ಅದು ನಿಲ್ಲಲಿಲ್ಲ.

ಅಷ್ಟರಲ್ಲಿ ಅಂಗಡಿಯವ ನಾಲ್ಕನೆಯ ಡಬ್ಬ ಹಿಡಿದು ಬಂದ. “ಇದು ನೋಡಿ ಸಾರ್, ಎರಡೂ ಕಡೆ ಗ್ಯಾರಂಟಿ,” ಎಂದ. ಯಾರೂ ನಗದಿದ್ದದ್ದನ್ನು ಕಂಡು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ.

“ಡಿಸ್ಕ್ ಇಡು ಅಲ್ಲಿ,” ಎಂದ ಭಾವ.

ಅವಳು ಅವನ ಬಲಗಡೆ ಬಂದು ನಿಂತಳು. ಎಂದಿನ ದನಿಯಲ್ಲೇ, ಅಂಗಡಿಯವನಿಗೆ ಕೇಳುವಷ್ಟು, ಅವನಿಗೆ ಕೇಳದಷ್ಟು ಎತ್ತರದಲ್ಲಿ, ಗುರುತುಗಳೆಲ್ಲ ಸರಿಯಾಗೇ ಇದ್ದವು ಎಂದಳು. ಭಾವ, ಏನಂದೆ, ಎಂದ. ಅವಳು ಎರಡನೆಯ ಸಲ ಹೇಳಲಿಲ್ಲ.

ಬಾಗಿಲು ದಾಟುವಾಗ ಹಿಂತಿರುಗಿ ನೋಡಿದಳು. ಭಾವ ಬಲಗೈಯನ್ನು ಸ್ಪೀಕರಿನ ಮೇಲೆ ಅಂಗೈ ಬಿಚ್ಚಿ ಇಟ್ಟಿದ್ದ. ಹಾಡಿನ ಕೊನೆಯ ಒಂದು ನಿಮಿಷ ಉಳಿದಿತ್ತು. ಅವನು ಅದನ್ನು ಅಂಗೈಗೆ ತಾಕುವ ಕಂಪನದಿಂದ ಹಿಡಿದು ಬೆರಳಿನಲ್ಲಿ ಎಣಿಸುತ್ತಿದ್ದ, ಮತ್ತು ತಾಳ ಒಂದು ಕಡೆಯೂ ತಪ್ಪುತ್ತಿರಲಿಲ್ಲ. ಅವಳು ಬಾಗಿಲನ್ನು ಸರಿಯಾಗಿ ಹಾಕಿಕೊಂಡು ಹೊರಟಳು.