ಹಸಿರು ಚುಕ್ಕೆ

ಬೆರಳು ಇನ್ನೂ ತಾಗಿರಲಿಲ್ಲ, ಫೋನಿನ ಪರದೆ ತಾನಾಗಿಯೇ ಮುಚ್ಚಿಕೊಂಡಿತು. ಅವಳು ಮತ್ತೆ ಸೆಟ್ಟಿಂಗ್ಸ್ ತೆರೆದು, ಗುರುತಿಲ್ಲದ ಆ ಆಪಿನ 'ತೆಗೆದುಹಾಕು' ಎಂಬಲ್ಲಿಗೆ ಬೆರಳು ತಂದಳು. ಮತ್ತೆ ಅದೇ ಕಥೆ. ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ.

"ಮಾವ, ಇದು ನನ್ನ ಕೈ ನೋಡ್ತಾ ಇದೆ," ಎಂದಳು.

ಸೋದರಮಾವ ರಿಪೇರಿ ಅಂಗಡಿಯ ಮೇಜಿನ ಆಚೆ ಇನ್ನೊಂದು ಫೋನಿನ ಹೊಟ್ಟೆ ಬಗೆದು ಕೂತಿದ್ದ. ತಲೆ ಎತ್ತದೆಯೇ ನಕ್ಕ. "ಅಂತೂ ನಮ್ಮ ಮೌನಗೌರಿ ಬಾಯಿ ಬಿಟ್ಟಳು. ಫೋನಿಗೂ ದೆವ್ವ ಹಿಡಿಯುತ್ತೇನೇ?"

ಫೋನು ಎದುರು ಬೀದಿಯ ಟೈಲರಮ್ಮನದು. ಈಚೆಗಷ್ಟೇ ಗಾಜು ಬದಲಾಯಿಸಿಕೊಂಡು ಹೋಗಿದ್ದವಳು, ಮುಟ್ಟಿದರೆ ಇಸ್ತ್ರಿಪೆಟ್ಟಿಗೆ ಹಾಗೆ ಸುಡುತ್ತದೆ ಎಂದು ಬೆಳಿಗ್ಗೆ ತಂದು ಮೇಜಿನ ಮೇಲೆ ಕುಕ್ಕಿದ್ದಳು. ನಿನ್ನೆ ಔಷಧಿ ಅಂಗಡಿಯವನೂ ಇದೇ ದೂರು ತಂದಿದ್ದ. ಅವರಿಬ್ಬರಿಗೂ ಪರಸ್ಪರ ಮುಖಪರಿಚಯವಿಲ್ಲ. ಎರಡೂ ಫೋನು ಹಾದುಹೋಗಿದ್ದ ಜಾಗ ಒಂದೇ, ಈ ಮೇಜು.

ಅವಳ ಕಣ್ಣು ಮೆಲ್ಲಗೆ ಮೊಳೆಗೆ ನೇತುಹಾಕಿದ್ದ ಮೆಮೊರಿ ಕಾರ್ಡಿನ ಡಬ್ಬಿಯ ಕಡೆ ಹೋಯಿತು.

ಯಾವ ಫೋನು ರಿಪೇರಿಯಾದರೂ ಆ ಕಾರ್ಡಿನಿಂದ ಒಂದು ಪರೀಕ್ಷೆಯ ಆಪ್ ಹಾಕುವುದು ಮಾವನ ಪದ್ಧತಿ. ಮೂಲೆಮೂಲೆಗೂ ಬೆರಳು ಎಳೆದು, ಮೈಕಿಗೆ ಹಲೋ ಎಂದು, ಒಂದು ಫೋಟೋ ತೆಗೆದು ನೋಡಿದರೆ ಕೆಲಸ ಮುಗಿಯಿತು. ಮೈಕು ಬೇಕು, ಕ್ಯಾಮೆರಾ ಬೇಕು ಎಂದು ಆಪ್ ಕೇಳುತ್ತದೆ, ಪರೀಕ್ಷೆ ತಾನೇ ಎಂದು ಎಲ್ಲದಕ್ಕೂ ಹೂಂ ಒತ್ತುತ್ತಾರೆ. ಆಮೇಲೆ ಅದನ್ನು ತೆಗೆಯುವುದಿಲ್ಲ. ಇರಲಿ ಬಿಡು, ಗಿರಾಕಿ ಮತ್ತೆ ಬಂದಾಗ ಬೇಕಾಗುತ್ತೆ ಎನ್ನುತ್ತಾನೆ ಮಾವ. ಈಚೆಗೆ ಹಳೆಯ ಆಪ್ ಕೈಕೊಟ್ಟಾಗ, ರಿಪೇರಿಯವರ ಗುಂಪಿನಲ್ಲಿ ಯಾರೋ ಕಳಿಸಿದ ಹೊಸದನ್ನು ಇಳಿಸಿಕೊಂಡಿದ್ದ.

ಅವಳು ಮೂಲೆ ಒಡೆದ ಬಿಡಿ ಫೋನೊಂದನ್ನು ತೆಗೆದುಕೊಂಡು, ನೆಟ್ ಸಂಪರ್ಕ ಕಡಿದು, ಅದಕ್ಕೆ ಆ ಆಪ್ ಹಾಕಿದಳು. ಕೇಳಿದ್ದಕ್ಕೆಲ್ಲ ಹೂಂ ಒತ್ತಿ ಕಾದಳು. ಏನೂ ಆಗಲಿಲ್ಲ. ಸಾಧು ಹಸುವಿನ ಹಾಗೆ ಹೇಳಿದ ಕೆಲಸ ಮಾಡಿ ಸುಮ್ಮನಾಯಿತು. ಟೈಲರಮ್ಮನ ಫೋನೂ ಮೊದಲ ಕೆಲವು ದಿನ ಸರಿಯಾಗಿಯೇ ಇತ್ತಲ್ಲ ಎಂದು ನೆನಪಾಗಿ, ಬಿಡಿ ಫೋನಿನ ತಾರೀಖನ್ನು ಒಂದಿಷ್ಟು ದಿನ ಮುಂದಕ್ಕೆ ತಳ್ಳಿದಳು.

ಆಪಿನ ಚಿತ್ರ ಪರದೆಯಿಂದ ಮಾಯವಾಯಿತು. ಪಟ್ಟಿಯಲ್ಲಿ ಅದು ಬೇರೆ ಹೆಸರಿಟ್ಟುಕೊಂಡು, ಫೋನಿನದೇ ಒಂದು ಅಂಗ ಎಂಬಂತೆ ಕೂತಿತ್ತು. ಮೇಲಿನ ಮೂಲೆಯಲ್ಲಿ, ಕ್ಯಾಮೆರಾ ನಡೆಯುವಾಗ ಕಾಣುವ ಹಸಿರು ಚುಕ್ಕೆ ಹೊತ್ತಿಕೊಂಡಿತು. ಯಾರೂ ಮುಟ್ಟದೆಯೇ ಕ್ಯಾಮೆರಾ ಕಣ್ಣು ಬಿಟ್ಟಿತ್ತು.

"ಟೈಲರಮ್ಮನಿಗೆ ಬ್ಯಾಟರಿ ಹೋಗಿದೆ ಅಂದುಬಿಡು, ತಲೆ ತಿನ್ನಬೇಡ," ಎಂದ ಮಾವ.

ಅವಳು ಮೂಲೆ ಒಡೆದ ಆ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ನೆಟ್ ಇಲ್ಲದ್ದರಿಂದ ಹೊರಗೆ ಕಳಿಸಲಾಗದೆ ಆಪ್ ಬಚ್ಚಿಟ್ಟುಕೊಳ್ಳುತ್ತಿದ್ದುದನ್ನು ಹುಡುಕಿ ತೆರೆದಳು. ಸ್ಪೀಕರಿನಿಂದ ಮಾವನ ದನಿಯೇ ಬಂತು. ಬ್ಯಾಟರಿ ಹೋಗಿದೆ ಅಂದುಬಿಡು, ತಲೆ ತಿನ್ನಬೇಡ.

ಮಾವ ಸ್ಕ್ರೂಡ್ರೈವರ್ ಬಿಟ್ಟು ಎದ್ದ. ಅವನು ಬಂದು ನೋಡಿದ, ಫೋನನ್ನು ಬೋರಲು ಹಾಕಿದ, ಅದೂ ಸಾಲದೆ ಮೇಲೊಂದು ಬಟ್ಟೆ ಮುಚ್ಚಿದ. ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ.

"ಯಾರ ಹತ್ರನೂ ಬಾಯಿ ಬಿಡಬೇಡ. ಗೊತ್ತಾದ್ರೆ ಈ ಅಂಗಡಿ ಕಡೆ ನಾಯಿನೂ ತಿರುಗಿ ನೋಡಲ್ಲ."

"ಅಕ್ಕನ ಫೋನಿಗೂ ಹಾಕಿದೀನಿ ಮಾವ," ಎಂದಳು. "ನಾನೇ ಹಾಕಿದ್ದು."

ಅಕ್ಕನ ಫೋನು ಹಗಲೆಲ್ಲ ತೊಟ್ಟಿಲ ಪಕ್ಕದಲ್ಲೇ ಇರುತ್ತದೆ. ಹಾಡು ಹಾಕದಿದ್ದರೆ ಮಗು ಮಲಗುವುದಿಲ್ಲ. ಅಕ್ಕ ಹಾಲೂಡಿಸುವುದು, ಬಟ್ಟೆ ಬದಲಿಸುವುದು, ಬಾಗಿಲು ಹಾಕಿಕೊಂಡು ಅಳುವುದು, ಎಲ್ಲವೂ ಅದರ ಮುಂದೆಯೇ.

ಮಾವ ಅಕ್ಕನಿಗೆ ಫೋನ್ ಮಾಡಲೆಂದು ಜೇಬಿಗೆ ಕೈ ಹಾಕಿದ. ಅವನ ಫೋನಿನಲ್ಲೂ ಇತ್ತು ಅದೇ ಕಾರ್ಡಿನ ಆಪ್. ಕೈ ಹಾಗೆಯೇ ಹಿಂದಕ್ಕೆ ಬಂತು. ಅವನು ಚಪ್ಪಲಿ ಮೆಟ್ಟಿದ.

"ನೀನು ಮನೆಗೆ ನಡಿ. ನಾನು ಟೈಲರಮ್ಮನಿಗೆ ಹೇಳಿ ಬರ್ತೀನಿ. ಆಮೇಲೆ ಔಷಧಿ ಅಂಗಡಿ. ಆಮೇಲೆ..." ಅವನು ಹಗಲಲ್ಲೇ ಷಟರ್ ಎಳೆದ.

ದಾರಿಯಲ್ಲಿ ಎಲ್ಲರ ಕೈಯಲ್ಲೂ ಫೋನು. ಬಸ್ಸಿಗೆ ಕಾಯುತ್ತಿದ್ದ ಹೆಂಗಸಿನ ಕೈಯಲ್ಲಿದ್ದ ಫೋನಿನ ಗಾಜು ತಾನೇ ಅಂಟಿಸಿದ್ದು ಎಂದು ಅವಳಿಗೆ ಗುರುತು ಸಿಕ್ಕಿತು. ತಲೆ ತಗ್ಗಿಸಿ ಓಡಿದಳು.

ಮನೆಯ ಬಾಗಿಲು ತೆರೆದೇ ಇತ್ತು. ಅಕ್ಕ ಗೋಡೆಗೆ ಒರಗಿ ಮಗುವಿಗೆ ಹಾಲೂಡಿಸುತ್ತಿದ್ದಳು. ಎದುರಿಗೆ ಪೌಡರ್ ಡಬ್ಬಿಗೆ ಒರಗಿಸಿಟ್ಟ ಫೋನು ಹಾಡುತ್ತಿತ್ತು. ಮೂಲೆಯಲ್ಲಿ ಹಸಿರು ಚುಕ್ಕೆ.

"ಏನೇ, ಇಷ್ಟು ಬೇಗ ಬಂದೆ? ಮಾವ ಬೈದ್ರಾ?"

ಅವಳು ತುಟಿಯ ಮೇಲೆ ಬೆರಳಿಟ್ಟಳು. ಅಕ್ಕನ ಮುಖದ ನಗು ಅಲ್ಲಿಯೇ ನಿಂತಿತು. ತಂಗಿ ಫೋನಿನ ಎದುರು ಹಾಯದೆ, ಗೋಡೆಗೆ ಬೆನ್ನು ಹತ್ತಿಸಿ, ಹಿಂದಿನಿಂದ ಹೋಗಿ ತೊಟ್ಟಿಲ ಹೊದಿಕೆಯನ್ನು ಎಳೆದು ಫೋನಿನ ಮೇಲೆ ಹಾಕಿದಳು.

ಹಾಡು ಬಟ್ಟೆಯ ಅಡಿಯಿಂದ ಬರತೊಡಗಿತು. ಮಗು ಹಾಲು ಬಿಟ್ಟು, ಆ ಕಡೆಗೆ ಕತ್ತು ತಿರುಗಿಸಿತು.