ಬೆನ್ನಿಗೊಂದು ಸಪಾಟು ಕಲ್ಲು

“ಬಾಯಿ ತೆರೀಲೇ ಸೋಲ್ಜರ್. ಇನ್ನೂ ಅಗಲ ತೆರಿ. ಬದನಿಕಾಯಿ ಹಾಕಾಕ ಹತ್ತಿಲ್ಲ, ಗುಳಿಗಿ ಹಾಕಾಕ ಹತ್ತೀನಿ.”

ಕೊಟ್ರಬಸಪ್ಪಗೌಡರು ಗುಡಿಯ ಮುಂದಿನ ಕಟ್ಟೆಯ ಮೇಲೆ ನಿಂತಿದ್ದರು. ಕೆಳಗೆ ನಿಂತಿದ್ದ ನನ್ನ ಗಂಡ ಹುಲುಗೇಶನ ಬಾಯಿಗೆ ಗುಳಿಗೆಯನ್ನು ಮೇಲಿನಿಂದ ಬಿಟ್ಟರು. ಕೈಗೆ ಕೊಟ್ಟರೆ ಬೆರಳು ತಾಕುತ್ತದಲ್ಲ! ಗುರಿ ತಪ್ಪಿ ಗುಳಿಗೆ ಮಣ್ಣಿಗೆ ಬಿತ್ತು. ಹುಲುಗೇಶ ಅದನ್ನು ಹೆಕ್ಕಿ, ಅಂಗಿಗೆ ಒರೆಸಿ ನುಂಗಿದ. ಕಟ್ಟೆಯ ಮೇಲಿದ್ದವರು ನಕ್ಕರು. ಗುರಿ ತಪ್ಪಿದ್ದು ಗೌಡರದು, ನಕ್ಕಿದ್ದು ಇವನನ್ನು ನೋಡಿ.

“ಹೂಂ, ಈಗ ಲಾರಿ ತುಂಬು. ಇನ್ನ ನಿನ್ನ ಬೆನ್ನು ನನ್ನ ಟ್ರ್ಯಾಕ್ಟರ್ ಇದ್ದಂಗ.”

ಗುಳಿಗೆ ನುಂಗಿದರೆ ಬೆನ್ನು ನೋಯುತ್ತಿರಲಿಲ್ಲ, ಅದು ನಿಜ. ನೋವೇ ಗೊತ್ತಾಗದ ಬೆನ್ನ ಮೇಲೆ ಎಷ್ಟು ಭತ್ತದ ಚೀಲ ಹೇರಿದರೂ ನಡೆಯುತ್ತದೆ ಎನ್ನುವುದು ಗೌಡರಿಗೆ ನಮಗಿಂತ ಮೊದಲೇ ತಿಳಿದಿತ್ತು. ಮಿಲಿಟರಿಯಲ್ಲಿದ್ದಾಗ ಗಡಿಯ ಹತ್ತಿರ ಇವನು ಕೂತಿದ್ದ ಲಾರಿ ಸಿಡಿದು ಬೆನ್ನೆಲುಬು ಜಖಂ ಆಗಿತ್ತು. ಮಿಕ್ಕ ಬೆನ್ನನ್ನು ಗೌಡರು ಬಳಸಿಕೊಳ್ಳುತ್ತಿದ್ದರು.

ಹಚ್ಚೊಳ್ಳಿ ದಾಟಿದ ಮೇಲೆ ಕಾಲುವೆಯ ಪಕ್ಕಕ್ಕೆ ನಮ್ಮೂರು. ಆಗಸ್ಟ್ ಹದಿನೈದಕ್ಕೆ ಹುಲುಗೇಶನಿಗೆ ಶಾಲೆಯ ಅಂಗಳದಲ್ಲಿ ಕುರ್ಚಿ, ಕೊರಳಿಗೆ ಹಾರ, ಗೌಡರ ಬಾಯಲ್ಲಿ “ನಮ್ಮೂರ ಹುಲಿ.” ಹದಿನಾರಕ್ಕೆ ಹುಲಿ ಕಟ್ಟೆ ಹತ್ತದೆ ಕೆಳಗೇ ನಿಲ್ಲಬೇಕು. ಮಿಲಿಟರಿಯಲ್ಲಿ ಎಲ್ಲರ ಜೊತೆ ಒಂದೇ ಡಬರಿಯಲ್ಲಿ ಉಂಡವನು ಇಲ್ಲಿ ಹೋಟೆಲಿನ ಹೊರಗೆ ಪೇಪರ್ ಲೋಟದಲ್ಲಿ ಚಹಾ ಕುಡಿಯುತ್ತಿದ್ದ. ಪೇಪರ್ ಲೋಟ ಬಂದಿದ್ದು ಸ್ವಚ್ಛತೆಗಂತೆ. ಒಳಗಿನವರಿಗೆ ಮಾತ್ರ ಗಾಜಿನದೇ.

ರಾತ್ರಿಯ ಕಥೆ ಬೇರೆ. ನಿದ್ದೆಯಲ್ಲಿ ಅವನು ಕಿರುಚುತ್ತಿದ್ದ, ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದ. ನಾನು ಮುಟ್ಟಿದರೆ ನನ್ನನ್ನೇ ತಳ್ಳುತ್ತಿದ್ದ. ಆ ಕೂಗು ಗೌಡರ ಮಹಡಿಯವರೆಗೂ ಹೋಯಿತು.

“ಪಾರಮ್ಮ, ನಿನ್ನ ಗಂಡ ಒದರಿದ್ರ ನಮ್ಮವ್ವ ಎದ್ದು ಕುಂದ್ರತಾಳ. ಮುದುಕಿ ಜೀವ. ಇದನ್ನ ಹಾಕಿ ಮಲಗಿಸು,” ಎಂದು ಗೌಡರು ನಿದ್ದೆಯ ಗುಳಿಗೆಯನ್ನೂ ಕಳಿಸತೊಡಗಿದರು. ಸಿರುಗುಪ್ಪದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಉಮಾಪತಿ ಅವರ ಪೈಕಿಯವನು. ಅವನ ಅಂಗಡಿಯಲ್ಲಿ ಡಾಕ್ಟರ ಚೀಟಿ ಕೇಳುವ ಕೆಟ್ಟ ಚಾಳಿ ಇರಲಿಲ್ಲ. ಹೀಗೆ ಹಗಲು ಗೌಡರ ಚೀಲಕ್ಕೆ ಒಂದು ಗುಳಿಗೆ, ರಾತ್ರಿ ಗೌಡರ ನಿದ್ದೆಗೆ ಒಂದು ಗುಳಿಗೆ. ನುಂಗುವ ಗಂಟಲು ಮಾತ್ರ ನಮ್ಮದು. ನಾನೂ ಪಾಪಿ, ಒಂದು ರಾತ್ರಿಯಾದರೂ ಕಣ್ಣು ಮುಚ್ಚಿದನಲ್ಲ ಎಂದು ಗೌಡರಿಗೆ ಕೈ ಮುಗಿದೆ.

ಒಂದು ಬೆಳಿಗ್ಗೆ ಅವನು ಏಳಲಿಲ್ಲ. ತುಟಿ ನೇರಳೆ ಹಣ್ಣು ತಿಂದವನ ತುಟಿಯಂತೆ ಕಪ್ಪಾಗಿತ್ತು, ಎದೆ ಏರಿಳಿಯುವುದು ಕಾಣುತ್ತಲೇ ಇರಲಿಲ್ಲ. ಕೇರಿಯವರು ಟ್ರಾಲಿಯಲ್ಲಿ ಹಾಕಿಕೊಂಡು ಸಿರುಗುಪ್ಪಕ್ಕೆ ಒಯ್ದರು, ಅಲ್ಲಿಂದ ಬಳ್ಳಾರಿಗೆ ಕಳಿಸಿದರು. ಬದುಕಿದ. ಡಾಕ್ಟರು ನನ್ನನ್ನು ಹೊರಗೆ ಕರೆದು ಉಗಿದರು.

“ನೋವಿನ ಗುಳಿಗಿ, ನಿದ್ದಿ ಗುಳಿಗಿ ಎರಡೂ ಕೂಡಿಸಿ ನುಂಗಿದ್ರ ಉಸಿರೇ ನಿಲ್ತೈತಿ. ಇನ್ನೊಮ್ಮೆ ಹಿಂಗಾದ್ರ ಇಲ್ಲಿಗೆ ತರೋದೇ ಬ್ಯಾಡ, ಸೀದಾ ಮಣ್ಣಿಗೆ ಒಯ್ಯಬೇಕಾಗ್ತೈತಿ, ತಿಳೀತಾ? ಹಂಗಂತ ಒಮ್ಮಿಗೇ ಬಿಡಂಗೂ ಇಲ್ಲ. ನಾವು ಹೇಳಿದಂಗ ಸ್ವಲ್ಪ ಸ್ವಲ್ಪ ಇಳಿಸಬೇಕು.”

“ಮತ್ತ ಬೆನ್ನುನೋವಿಗೆ ಏನ್ರಿ?”

ಅದಕ್ಕೆ ಬಳ್ಳಾರಿಯಲ್ಲೇ ಪಾರ್ವತಿನಗರದ ಸುಮೈರಾ ಮೇಡಮ್ಮಿನ ಹತ್ತಿರ ಕಳಿಸಿದರು. ಸೂಜಿಯಿಲ್ಲ, ಗುಳಿಗೆಯಿಲ್ಲ, ವ್ಯಾಯಾಮ ಮಾಡಿಸಿಯೇ ಬೆನ್ನು ರಿಪೇರಿ ಮಾಡುವ ಹುಡುಗಿ. ಆಕೆ ಹುಲುಗೇಶನನ್ನು ನೆಲದ ಮೇಲೆ ಮಲಗಿಸಿ, ತಾನೂ ನೆಲಕ್ಕೇ ಕೂತು, ಅವನ ಬೆನ್ನಿನ ಮೇಲೆ ಅಂಗೈ ಇಟ್ಟಳು.

“ಎಲ್ಲಿ ನೋಯ್ತೈತಿ ಅಣ್ಣಾ? ಇಲ್ಲೇನು? ಸ್ವಲ್ಪ ಕೆಳಗೇನು?”

ನನಗೆ ಅಳು ಬಂತು. ನೋವು ಎಲ್ಲಿದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಎಷ್ಟು ಚೀಲ ಹೊರುತ್ತೀ ಎಂದೇ ಎಲ್ಲರೂ ಕೇಳಿದ್ದು.

ಪಕ್ಕದ ಕೋಣೆಯಲ್ಲಿ ವಾರಕ್ಕೊಮ್ಮೆ ಮಿಲಿಟರಿಯಿಂದ ಬಂದವರು ಕೂತು ಮಾತಾಡುತ್ತಿದ್ದರು. ಮಾತೂ ಔಷಧಿಯೇ ಎಂದಳು ಸುಮೈರಾ. ಕುರುಗೋಡಿನ ದಾದಾಪೀರ್ ಎಂಬ ನಿವೃತ್ತ ಹವಾಲ್ದಾರ ಇವನ ಹೆಗಲಿಗೆ ಕೈ ಹಾಕಿ ಕೂರಿಸಿಕೊಂಡ.

“ನಾಚಬ್ಯಾಡ ತಮ್ಮಾ. ಮದುವಿ ಮನ್ಯಾಗ ಪಟಾಕಿ ಢಂ ಅಂತು, ನಾನು ಬೀಗತಿ ಮಂಚದ ಕೆಳಗ ಹೊಕ್ಕಿದ್ದೆ. ಬೀಗತಿ ಮಂಚದ ಮ್ಯಾಲೆ ಇದ್ಲು!”

ಎಲ್ಲರೂ ನಕ್ಕರು. ಹುಲುಗೇಶನೂ ನಕ್ಕ. ಆಮೇಲೆ ಅವನು ನನಗೆ ಎಂದೂ ಹೇಳದ್ದನ್ನು ಹೇಳಿದ. ಲಾರಿಯಲ್ಲಿ ಪಕ್ಕದಲ್ಲಿ ಕೂತಿದ್ದ ತೆಲುಗು ಹುಡುಗ ಬೆಂಕಿಪೊಟ್ಟಣ ಕೇಳಿದನಂತೆ. ಇವನು ಜೇಬಿಗೆ ಕೈ ಹಾಕಿ ತೆಗೆಯುವಷ್ಟರಲ್ಲಿ ಕೇಳಿದವನೇ ಇರಲಿಲ್ಲ. ನಾನು ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದೆ. ಅಂದು ರಾತ್ರಿ ಅವನು ಕಿರುಚಿದ್ದು ಒಂದೇ ಸಲ.

ಹೊರಡುವಾಗ ಸುಮೈರಾ ಹೇಳಿದಳು: “ಬೆಳಿಗ್ಗೆ ಸಂಜಿ ವ್ಯಾಯಾಮ ತಪ್ಪಸಬ್ಯಾಡ್ರಿ. ಗಟ್ಟಿ ನೆಲ, ಸಪಾಟು ಇರಬೇಕು. ಮತ್ತ ಒಬ್ಬರೇ ಮೂಲ್ಯಾಗ ಕುಂದ್ರಬ್ಯಾಡ್ರಿ ಅಣ್ಣಾ. ಮಂದಿ ನಡುವ ಕುಂದ್ರಿ.”

ಪಾಪ, ಆಕೆ ನಮ್ಮೂರು ನೋಡಿರಲಿಲ್ಲ. ನಮ್ಮ ಗುಡಿಸಲಿನ ನೆಲದಲ್ಲಿ ಒರಳು ಇಟ್ಟರೂ ಓಲಾಡುತ್ತದೆ. ಕಾಲುವೆಯ ದಂಡೆ ಇಳಿಜಾರು. ಅಲ್ಲಿ ಮಲಗಿ ಸೊಂಟ ಎತ್ತಿದವನು ಜಾರಿ ನೀರಿಗೆ ಬಿದ್ದ. ಶಾಲೆಗೆ ಬೀಗ. ಕೇರಿಗೆಂದು ಸರ್ಕಾರ ಕಟ್ಟಿಸಿದ ಸಮುದಾಯ ಭವನದಲ್ಲಿ ಗೌಡರ ಗೊಬ್ಬರದ ಚೀಲಗಳು ಸಂಸಾರ ಹೂಡಿದ್ದವು. ಚೀಲಗಳಿಗಂತೂ ಬೆನ್ನುನೋವಿಲ್ಲ.

ಗುಳಿಗೆ ಇಳಿಸಿದಂತೆಲ್ಲ ಅವನಿಗೆ ಬೆವರು, ನಡುಕ, ಸಿಟ್ಟು. ಒಂದು ದಿನ ಗಂಜಿಯ ಗಡಿಗೆಗೆ ಒದ್ದ. ಆಮೇಲೆ ಚೂರು ಆರಿಸುತ್ತ ಅತ್ತ. ಅಷ್ಟರಲ್ಲಿ ಕೊಯ್ಲು ಬಂತು, ಗೌಡರಿಗೆ ಬೆನ್ನು ಬೇಕಾಯಿತು. ನಮ್ಮ ಬಾಗಿಲಿಗೇ ಬಂದು, ಒಳಗೆ ಕಾಲಿಡದೆ, ಗುಳಿಗೆಯ ಹಾಳೆಯನ್ನು ಪಟಪಟ ಅಲ್ಲಾಡಿಸಿದರು.

“ಯಾಕಲೇ, ನನ್ನ ಗುಳಿಗಿ ಕಹಿ ಆತೇನು?”

“ಬ್ಯಾಡ್ರಿ ಗೌಡ್ರ.”

“ಬೆನ್ನು ನೋಯಾಂಗಿಲ್ಲೇನು ಹಂಗಾರ?”

“ನೋಯ್ತೈತ್ರಿ. ನೋಯ್ಲಿ. ಬೆನ್ನು ಇನ್ನೂ ನಂದೈತಿ ಅಂತಾದ್ರೂ ಗೊತ್ತಾಗ್ತೈತಿ.”

“ಮಸ್ತಿ ಬಂತು ಬೋಳಿಮಗಗ,” ಎಂದು ಗೌಡರು ಹೋದರು. ಹಾಳೆಯನ್ನು ಮಾತ್ರ ಹೊಸ್ತಿಲ ಹತ್ತಿರ ಬೀಳಿಸಿ ಹೋದರು. ಹುಲುಗೇಶ ಅದನ್ನೇ ನೋಡುತ್ತ ಕೂತ. ಕೊನೆಗೆ ನಾನೇ ಎತ್ತಿ ಉರಿಯುವ ಒಲೆಗೆ ಹಾಕಿದೆ. ಅವನು ಬೆಳತನಕ ಮಗ್ಗುಲು ಬದಲಿಸಿದ.

ಬೆಳಿಗ್ಗೆ ಎದ್ದವನೇ ಟವೆಲು ಹೆಗಲಿಗೆ ಹಾಕಿಕೊಂಡು ನಡೆದ. ನಾನು ಹಿಂದೆಯೇ ಓಡಿದೆ. ಅವನು ನೇರ ಗುಡಿಯ ಮುಂದಿನ ಕಟ್ಟೆಗೆ ಹತ್ತಿ, ಟವೆಲು ಹಾಸಿ, ಅಂಗಾತ ಮಲಗಿದ. ಕೂತಿದ್ದವರು ಹಾವು ಕಂಡವರಂತೆ ಸರಿದರು. ಮೊಣಕಾಲು ಮಡಿಚಿ ಹುಲುಗೇಶ ಸೊಂಟ ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

ಗೌಡರು ಎದುರು ಮನೆಯಿಂದ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿಬಂದರು.

“ಇಳೀಲೇ ಸೂಳೇಮಗನ! ದೇವರಿಗೆ ಕುಂಡಿ ಎತ್ತಿ ತೋರಸ್ತೀಯೇನು?”

“ಡಾಕ್ಟ್ರು ಹೇಳ್ಯಾರ್ರಿ. ಸಪಾಟು ಕಲ್ಲು ಬೇಕಂತ, ಮಂದಿನೂ ಇರಬೇಕಂತ. ಎರಡೂ ಇಲ್ಲೇ ಅದಾವು.”

“ಬೇಕಾದಷ್ಟು ಗುಳಿಗಿ ಕೊಡ್ತೀನಿ, ಮದ್ಲು ಇಳಿ!”

“ನೀವೇ ನುಂಗ್ರಿ. ಇನ್ನ ಮ್ಯಾಲೆ ನಿದ್ದಿ ಕೆಡೋದು ನಿಮ್ದು.”

ಯಾರೋ ಕಿಸಕ್ಕನೆ ನಕ್ಕರು. ಗೌಡರ ತಾಯಿ ಕೊಟ್ರಮ್ಮ ಬಾಗಿಲಲ್ಲಿ ಗೋಡೆ ಹಿಡಿದು ನಿಂತು, ಹುಲುಗೇಶನ ಏರಿಳಿತವನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು.

“ಯಪ್ಪಾ ಹುಲುಗೇಶಿ, ಮಣಕಾಲಿಗೂ ಬರ್ತೈತೇನೋ ಇದು?”

“ಬರ್ತೈತ್ರಿ ಅವ್ವಾರ. ಆದ್ರ ಕಾಲು ಹಿಡದು ತೋರಸಬೇಕು. ಹಿಡೀಲೇನ್ರಿ?”

ಮುದುಕಿ ಮಗನ ಮುಖ ನೋಡಿದಳು, ತನ್ನ ಕಾಲು ನೋಡಿಕೊಂಡಳು. “ಒಳಗ ನಡೀಬೇ!” ಎಂದು ಗೌಡರು ಅಬ್ಬರಿಸಿದರೂ ಅವಳು ಒಳಗೆ ಹೋಗಲಿಲ್ಲ. ಹೂಂ ಎನ್ನಲೂ ಇಲ್ಲ.

ಗೌಡರು ಆಳುಗಳನ್ನು ಕೂಗಿದರು. ಕೊಟ್ಟಿಗೆಯ ಕಡೆಯಿಂದ ಮೂರ್ನಾಲ್ಕು ಜನ ಬಡಿಗೆ ಹಿಡಿದು ಬರತೊಡಗಿದರು. ಹುಲುಗೇಶ ಅವರನ್ನು ನೋಡಿ, ಮುಂದಿನ ವ್ಯಾಯಾಮಕ್ಕೆ ಬೋರಲು ಮಲಗಿದ. ಅದಕ್ಕೆ ಯಾರಾದರೂ ಪಾದಗಳನ್ನು ಒತ್ತಿ ಹಿಡಿದುಕೊಳ್ಳಬೇಕು.

ನಾನು ಸೀರೆ ಎತ್ತಿ ಕಟ್ಟಿ ಕಟ್ಟೆ ಹತ್ತಿದೆ. ಚಪ್ಪಲಿ ಬಿಡುವುದು ಮರೆತಿತ್ತು. ನೆನಪಾದ ಮೇಲೂ ಬಿಡಲಿಲ್ಲ.