ಕಚ್ಚಲೆಂದೇ ಬರೆದ ಸ್ವರಗಳು

ಮುಂಬಯಿಯ ಮಲಾಡಿನ ಸ್ಟುಡಿಯೋದಲ್ಲಿ ಪಿಟೀಲಿನವರು ಆಗಲೇ ಶ್ರುತಿ ಮಾಡಿಕೊಳ್ಳುತ್ತಿದ್ದರು. ಗಾಜಿನ ಈಚೆಗಿದ್ದ ಯಕ್ಷಿತಾಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಷ್ಟು ದಿನ ಬೇರೆಯವರ ಕೈಕೆಳಗೆ ಕಂಪ್ಯೂಟರಿನಲ್ಲಿ ಸ್ವರಲಿಪಿ ಜೋಡಿಸಿದವಳಿಗೆ ಇದು ಸ್ವಂತವಾಗಿ ಒಪ್ಪಿಕೊಂಡ ಮೊದಲ ಕೆಲಸ. ಹಾಳೆ ಓದಲಾಗದೆ ವಾದಕರು ನಿಂತರೆ ಮತ್ತೆ ಯಾರೂ ಕರೆಯುವುದಿಲ್ಲ.

ಸ್ಟೇಷನ್ನಿನ ನೂಕುನುಗ್ಗಲಲ್ಲಿ ತಾಯಿಯ ಕೈಯಿಂದ ಮಗು ತಪ್ಪಿಹೋಗುವ ಸಿನಿಮಾ ದೃಶ್ಯಕ್ಕೆ ಸಂಗೀತ ನಿರ್ದೇಶಕ ಹಿತೇಶ್ ಅಕ್ಕಪಕ್ಕದ ನಾಲ್ಕು ಸ್ವರಗಳನ್ನು ಒಟ್ಟಿಗೆ ಕೂಡಿಸಿದ್ದ. ಕೇಳಿದವರ ಹಲ್ಲು ಜುಮ್ಮೆನ್ನಬೇಕು. ಕಿವಿಗೇನೋ ಸರಿ, ಕಾಗದಕ್ಕೆ ಕಷ್ಟ. ಸ್ವರ ಏರಿಸುವ, ಇಳಿಸುವ ಶಾರ್ಪು ಫ್ಲ್ಯಾಟು ಚಿಹ್ನೆಗಳೆಲ್ಲ ಒಂದೇ ಕಡೆ ಮುಗಿಬೀಳುತ್ತವೆ. ಅವಳು ಒಂದೊಂದನ್ನೂ ಮೌಸಿನಿಂದ ಎಳೆದು, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಬಿಡಿಸಿಟ್ಟಿದ್ದಳು. ಈಗ, ಹಿರಿಯ ವಾದಕರ ಕಣ್ಣಿಗೆ ಕಾಣಲಿ ಎಂದು ಬರಹ ದೊಡ್ಡದು ಮಾಡಿದ್ದೇ ಕೆಟ್ಟಿತು. ಸರಿಸಿದ್ದೆಲ್ಲ ಜಾಗ ತಪ್ಪಿ, ಚಿಹ್ನೆಗಳು ವಿರಾರ್ ಲೋಕಲ್ ರೈಲಿನ ಬಾಗಿಲಲ್ಲಿ ಜನ ಜೋತಂತೆ ಒಂದರ ಮೇಲೊಂದು ಬಿದ್ದಿದ್ದವು.

"ಒಂದು ಸ್ವರ ನಿಕಾಲ್ ಹಾಕು ನಾ," ಹಿತೇಶ್ ಗಡಿಯಾರ ನೋಡಿದ. "ಯಾರಿಗೆ ಗೊತ್ತಾಗ್ತದೆ?"

"ನಿಮಗೆ ಗೊತ್ತಾಗ್ತದಲ್ಲ."



ಮತ್ತೆ ಎಳೆಯುತ್ತ ಕೂರಲು ಹೊತ್ತಿರಲಿಲ್ಲ. ನಾಲ್ಕು ಸ್ವರಗಳನ್ನೂ ಎಲ್ಲ ವಾದಕರೂ ಯಾಕೆ ಓದಬೇಕು ಎಂದು ಆಗ ಹೊಳೆಯಿತು. ಸ್ವರ ಬರೆಯುವ ಐದು ಗೆರೆಯ ಸಾಲನ್ನೇ ನಾಲ್ಕು ಮಾಡಿ, ವಾದಕರ ಗುಂಪಿಗೊಂದು ಸಾಲು, ಸಾಲಿಗೊಂದೇ ಸ್ವರ ಇಳಿಸಿದಳು. ಚಿಹ್ನೆಗಳ ಸುತ್ತ ಗಾಳಿಯಾಡಿತು. ಪ್ರಿಂಟಿನ ಬಿಸಿ ಆರುವ ಮೊದಲೇ ಹಾಳೆಗಳನ್ನು ವಾದಕರ ಮುಂದಿಟ್ಟು ಬಂದಳು.

ಮೊದಲ ಸಲ ನುಡಿಸಿದಾಗ ಸ್ವರಗಳು ಪಾಯಸದ ಹಾಗೆ ಸಿಹಿಯಾಗಿ ಬಂದವು. ಕಚ್ಚಬೇಕಾದ ಸ್ವರ ಎಲ್ಲೋ ಬದಲಾಗಿದೆ ಎಂದು ಅವಳು ಒಳಗೆ ಓಡಿದಳು. ಪಿಟೀಲಿನವರಲ್ಲಿ ಹಿರಿಯರಾದ ಉಡುಪಿ ಕಡೆಯ ಚೆನ್ನಯರ ಹಾಳೆಯಲ್ಲಿ ಶಾರ್ಪಿನ ಮೇಲೆ ಪೆನ್ಸಿಲ್ ಗೀಟು ಬಿದ್ದಿತ್ತು; ಅವರನ್ನು ನೋಡಿ ಉಳಿದವರೂ ತಿದ್ದಿಕೊಂಡಿದ್ದರು.

"ಚೆನ್ನಯ ಮಾಮ, ಇದೆಂತ?"

"ಹಾಳೆ ನೋಡುವಾಗಲೇ ಪಕ್ಕದವನ ಸ್ವರಕ್ಕೆ ಕಚ್ಚುತ್ತಿತ್ತು ಮಾರಾಯ್ತಿ. ಅಚ್ಚಿನ ತಪ್ಪು ಅಂತ ತಿದ್ದಿದೆ. ನಿನ್ನ ಮರ್ಯಾದೆ ಉಳಿಸಿದ್ದು ನಾನು."

ಉಳಿದವರು ನಕ್ಕರು. ಹೌದು ಮಾಮ, ತಪ್ಪೇ ಎಂದುಬಿಟ್ಟರೆ ಎಲ್ಲ ಸಲೀಸು. ನಾಲಿಗೆಯ ತುದಿಗೂ ಬಂತು.

"ತಪ್ಪಲ್ಲ ಮಾಮ," ಎಂದಳು. "ಕಚ್ಚಲಿಕ್ಕೇ ಬರೆದದ್ದು. ಎಲ್ಲರೂ ಗೀಟು ಅಳಿಸಿ."

ಚೆನ್ನಯರು ಗಾಜಿನಾಚೆ ನೋಡಿದರು. ಹಿತೇಶ್ ಹೌದೆಂದು ತಲೆಯಾಡಿಸಿದ.

"ಬೈಗುಳ ಬಂದ್ರೆ ನಿನ್ನ ಹೆಸರೇ ಹೇಳುವುದು ನಾನು."

"ಹೇಳಿ."

ಕಮಾನುಗಳು ತಂತಿಗಳ ಮೇಲೆ ಇಳಿದವು. ನಾಲ್ಕು ಸ್ವರಗಳು ಒಂದನ್ನೊಂದು ತರಚುತ್ತ ಕೋಣೆಯನ್ನೆಲ್ಲ ಹಿಡಿದುಕೊಂಡವು. ಯಕ್ಷಿತಾಳ ತೋಳಿನ ರೋಮ ಎದ್ದಿತು.

ಚೆನ್ನಯರು ಕುರ್ಚಿಯನ್ನು ಪಕ್ಕದವನ ಹತ್ತಿರಕ್ಕೆ ಎಳೆದುಕೊಂಡರು.

"ಇನ್ನೊಮ್ಮೆ ಹೋಗುವ," ಎಂದರು. "ಕಚ್ಚುವಲ್ಲಿ ನಾನು ಸ್ವಲ್ಪ ಹೆದರಿ ಮೆಲ್ಲ ಒತ್ತಿದೆ."